ಎರಡು ಕಪಾಟುಗಳ ಸಂದಿಯಲ್ಲಿ ಬಿದ್ದ ಸಿನಿಮಾಗಳು

(ಚಿತ್ರಸಮಾಜವೊಂದರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ವಿಮರ್ಶಕನಲ್ಲ. ಸಿನಿಮಾ ಶಾಸ್ತ್ರ ಓದಿದವನೂ ಅಲ್ಲ. ಟಿಕೆಟ್ ತಗೊಂಡು ನೋಡಿದವನು, ಅಷ್ಟೇ. ಕಾರ್ಯದರ್ಶಿಗಳು ಫೋನ್ ಮಾಡಿ "ನಿಮ್ಮ ಇಷ್ಟದ ಹಳೇ ಸಿನಿಮಾಗಳ ಬಗ್ಗೆ ಮಾತಾಡಿ ಸಾರ್" ಅಂದರು. ಇಷ್ಟದ್ದು ಅಂತ ಹೊರಟರೆ ಪಟ್ಟಿ ಓದಿದ ಹಾಗಾಗುತ್ತದೆ. ಆ ಪಟ್ಟಿ ನಿಮ್ಮೆಲ್ಲರ ಹತ್ತಿರವೂ ಇದೆ. ಬಂಗಾರದ ಮನುಷ್ಯ, ನಾಗರಹಾವು, ಗಂಧದ ಗುಡಿ, ಭೂತಯ್ಯನ ಮಗ ಅಯ್ಯು. ಸ್ವಲ್ಪ ಗಂಭೀರ ಮನುಷ್ಯರಾದರೆ ಸಂಸ್ಕಾರ, ಕಾಡು, ಚೋಮನ ದುಡಿ, ಘಟಶ್ರಾದ್ಧ. ಇವುಗಳ ಬಗ್ಗೆ ಸಾಕಷ್ಟು ಜನ ಸಾಕಷ್ಟು ಚೆನ್ನಾಗಿ ಹೇಳಿದ್ದಾರೆ. ಇವತ್ತು ಇವನ್ನು ಆದಷ್ಟು ಪಕ್ಕಕ್ಕಿಟ್ಟು ಮಾತಾಡುತ್ತೇನೆ.

ನನ್ನ ತಕರಾರು ಒಂದೇ. ಕನ್ನಡ ಸಿನಿಮಾದ ನೆನಪನ್ನು ನಾವು ಎರಡು ಕಪಾಟಿನಲ್ಲಿ ಜೋಡಿಸಿಟ್ಟುಬಿಟ್ಟಿದ್ದೇವೆ. ಒಂದರಲ್ಲಿ ಶತದಿನೋತ್ಸವ ಕಂಡ ಚಿತ್ರಗಳು. ಇನ್ನೊಂದರಲ್ಲಿ ರಾಷ್ಟ್ರಪ್ರಶಸ್ತಿ ತಂದ ಚಿತ್ರಗಳು. ಎರಡೂ ನಮ್ಮ ಹೆಮ್ಮೆಯೇ. ಬಂಗಾರದ ಮನುಷ್ಯ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಟಾಕೀಸಿನಲ್ಲಿ ಹೆಚ್ಚುಕಮ್ಮಿ ಎರಡು ವರ್ಷ ಓಡಿತು ಅನ್ನುವುದನ್ನು ನಮ್ಮ ತಲೆಮಾರಿನವರು ಮೊಮ್ಮಕ್ಕಳಿಗೂ ಹೇಳುತ್ತಾರೆ. 1970ರಿಂದ 1977ರೊಳಗೆ ಮೂರು ಸಲ ದೇಶದ ಅತ್ಯುತ್ತಮ ಚಿತ್ರ ಅನ್ನುವ ಪ್ರಶಸ್ತಿ ಕನ್ನಡಕ್ಕೆ ಬಂತು ಅನ್ನುವುದನ್ನು ಇನ್ನೊಂದು ಗುಂಪಿನವರು ಹೇಳುತ್ತಾರೆ. ಸರಿ. ಆದರೆ ಈ ಎರಡು ಕಪಾಟುಗಳ ನಡುವಿನ ಸಂದಿಯಲ್ಲಿ ಬಿದ್ದವು ಬೇಕಾದಷ್ಟಿವೆ. ಸ್ಟಾರ್ ಇದ್ದರೂ ಸ್ಟಾರ್ ಸಿನಿಮಾ ಅಲ್ಲ. ಕತೆ ಗಂಭೀರವಾದರೂ ಆರ್ಟ್ ಫಿಲ್ಮ್ ಅಲ್ಲ. ಅಭಿಮಾನಿ ಸಂಘದವರಿಗೂ ಬೇಡ, ವಿಚಾರ ಸಂಕಿರಣದವರಿಗೂ ಬೇಡ. ನನಗೆ ಇವುಗಳ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ.

ಎನ್. ಲಕ್ಷ್ಮೀನಾರಾಯಣ್ ಅವರಿಂದ ಶುರು ಮಾಡುತ್ತೇನೆ. ಈ ಸಭೆಯಲ್ಲಿ ಬೆಟ್ಟದ ಹೂವು ನೋಡಿದವರು ಕೈ ಎತ್ತಿ. ನೋಡಿ, ಹೆಚ್ಚುಕಮ್ಮಿ ಎಲ್ಲರೂ ಇದ್ದೀರಿ. ಈಗ ಅದರ ನಿರ್ದೇಶಕರು ಯಾರು ಅಂತ ಗೊತ್ತಿದ್ದವರು ಮಾತ್ರ ಕೈ ಎತ್ತಿ ಅಂದರೆ? (ನಗು) ಇದೇ ನಾನು ಹೇಳುವುದು. 1985ರ ಚಿತ್ರ. ಪುನೀತ್‌ಗೆ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ಕೊಡಿಸಿದ್ದು. ಬಡ ಹುಡುಗ ರಾಮು ಕಾಡಿನಲ್ಲಿ ಆರ್ಕಿಡ್ ಹೂವು ಹುಡುಕಿ ತಂದು ಮಾರುತ್ತಾನೆ. ಆ ದುಡ್ಡಿನಲ್ಲಿ ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಬೇಕು ಅಂತ ಆಸೆ. ಕೊನೆಗೆ ಮನೆಯವರಿಗೆ ಕಂಬಳಿ ತರುತ್ತಾನೆ. ಅಪ್ಪು ಅವರ ಚಿತ್ರ ಅಂತ ನಾಡಿನ ಮನೆಮನೆಗೂ ಗೊತ್ತು. ಆದರೆ ಆ ಹುಡುಗನ ಕೈಯಲ್ಲಿ ಅಷ್ಟು ಸಣ್ಣ ದನಿಯಲ್ಲಿ ಅಷ್ಟು ದೊಡ್ಡ ಪಾತ್ರ ಮಾಡಿಸಿದ ಮನುಷ್ಯನ ಹೆಸರು ಪೋಸ್ಟರಿನಿಂದ ಉದುರಿಹೋಗಿದೆ.

ಅವರ ಮೊದಲ ಚಿತ್ರ ನಾಂದಿ. 1964. ಆ ಹೊತ್ತಿಗೆ ಬೇಡರ ಕಣ್ಣಪ್ಪ ಬಂದು ಹತ್ತು ವರ್ಷ ಆಗಿತ್ತು. ರಾಜ್‌ಕುಮಾರ್ ಅಂದರೆ ದೇವರು, ಭಕ್ತ, ರಾಜ. ಕಿರೀಟ ಇಲ್ಲವೇ ಕೈಯಲ್ಲಿ ತಾಳ. ಅಂಥವರನ್ನು ಕರೆತಂದು ಲಕ್ಷ್ಮೀನಾರಾಯಣ್ ಸಾಧಾರಣ ಸ್ಕೂಲ್ ಮೇಷ್ಟ್ರ ಪಾತ್ರ ಕೊಟ್ಟರು. ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಆ ಪಾತ್ರ ಕಲ್ಪನಾ ಮಾಡಿದ್ದಾರೆ. ಆಮೇಲೆ ಮೇಷ್ಟ್ರು ಮದುವೆ ಆಗುವುದು ಕಿವಿ ಕೇಳದ, ಮಾತು ಬಾರದ ಹುಡುಗಿಯನ್ನು. ಅದು ಹರಿಣಿ. ಕತೆ ಇಷ್ಟೇ. ಹೊಡೆದಾಟ ಇಲ್ಲ, ವೇಷ ಇಲ್ಲ, ಪವಾಡ ಇಲ್ಲ.

ಇದರ "ಹಾಡೊಂದ ಹಾಡುವೆ ನೀ ಕೇಳು ಮಗುವೆ" ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ಇವತ್ತಿಗೂ ಕೇಳಿಬರುತ್ತದೆ. ನನ್ನ ವಯಸ್ಸಿನವರಲ್ಲಿ ಅದನ್ನು ಕೇಳಿಕೊಂಡು ಮಲಗಿದವರು ಬಹಳ. ಆದರೆ ಅದು ಕಿವಿ ಕೇಳದ ಹೆಂಗಸಿನ ಬದುಕನ್ನು ಹೇಳುವ ಚಿತ್ರದ ಹಾಡು ಅನ್ನುವುದು ಎಷ್ಟು ಜನಕ್ಕೆ ನೆನಪಿದೆ? ಹಾಡು ಉಳಿಯಿತು, ಚಿತ್ರ ಜಾರಿತು. ನಮ್ಮಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಕಾಶೀನಾಥ್ ಅವರ ಅಪರಿಚಿತ ನೋಡಿ. 1978ರದ್ದು. ವಾಣಿ ಜಯರಾಂ ಹಾಡಿದ "ಸವಿ ನೆನಪುಗಳು ಬೇಕು" ಗೊತ್ತಿಲ್ಲದ ಕನ್ನಡಿಗ ಇಲ್ಲ. ಚಿತ್ರ ಒಳ್ಳೇ ಸಸ್ಪೆನ್ಸ್ ಥ್ರಿಲ್ಲರ್. ಮಲೆನಾಡಿನ ಕಾಡನ್ನು ಭಯ ಹುಟ್ಟಿಸುವುದಕ್ಕೆ ಬಳಸಿದ ರೀತಿ ಇವತ್ತಿಗೂ ಹಳತಾಗಿಲ್ಲ. ಕಾಶೀನಾಥ್ ಅಂದರೆ ಜನ ಅನುಭವ ಅನ್ನುತ್ತಾರೆ, ನಗುತ್ತಾರೆ, ಮುಂದೆ ಹೋಗುತ್ತಾರೆ.

ನಾಂದಿ ಕೊರತೆ ಇಲ್ಲದ ಚಿತ್ರ ಅಂತ ನಾನು ಹೇಳುವುದಿಲ್ಲ. ಮಾತು ಜಾಸ್ತಿ. ಕೆಲವು ಕಡೆ ಕಂಪನಿ ನಾಟಕದ ಗಾಳಿ ಬೀಸುತ್ತದೆ. ಅನುಕಂಪವನ್ನು ಸ್ವಲ್ಪ ಒತ್ತಿ ಹೇಳುತ್ತಾರೆ. ಆದರೂ ರಾಜ್‌ಕುಮಾರ್ ಅವರ ಕೈಗಳನ್ನು ಗಮನಿಸಿ. ಪುರಾಣದ ಪಾತ್ರಗಳಲ್ಲಿ ಆ ಕೈ ಯಾವಾಗಲೂ ಎದೆಯ ಮಟ್ಟದಲ್ಲಿ ಇರುತ್ತಿತ್ತು. ಇಲ್ಲಿ ಕೆಳಗಿಳಿದಿದೆ. ಅಂಗಿಯ ತೋಳು ಸರಿಮಾಡಿಕೊಳ್ಳುವ, ಏನು ಮಾಡಬೇಕು ಅಂತ ತೋಚದ ಮನುಷ್ಯನ ಕೈ ಅದು. ಆ ದೊಡ್ಡ ನಟ ಕಸ್ತೂರಿ ನಿವಾಸದ ಕಡೆ ನಡೆದ ದಾರಿ ಇಲ್ಲಿಂದಲೇ ಶುರು ಅಂತ ನನ್ನ ನಂಬಿಕೆ.

ಈಗ ಲಕ್ಷ್ಮೀನಾರಾಯಣ್ ಅವರದೇ ಉಯ್ಯಾಲೆ. ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಯಾಕೆಂದರೆ ಇಡೀ ಮಾತು ಇದಕ್ಕೋಸ್ಕರವೇ.

1969ರ ಚಿತ್ರ. ಚದುರಂಗರ ಕಾದಂಬರಿ. ಮನೆಯ ಯಜಮಾನ ಪ್ರೊಫೆಸರು. ಪುಸ್ತಕದಲ್ಲಿ ಮುಳುಗಿದ ಮನುಷ್ಯ. ಒಳ್ಳೆಯವನು, ಹೆಂಡತಿಗೆ ಒಂದು ಏರುಮಾತು ಆಡುವವನಲ್ಲ. ಆದರೆ ಅವಳು ಅದೇ ಮನೆಯಲ್ಲಿ ಇದ್ದಾಳೆ ಅನ್ನುವುದೇ ಅವನ ಗಮನಕ್ಕೆ ಬರುವುದಿಲ್ಲ. ಇದು ಕೆ.ಎಸ್. ಅಶ್ವತ್ಥ್. ಹೆಂಡತಿ ಕಲ್ಪನಾ. ಆ ಮನೆಗೆ ಅತಿಥಿಯಾಗಿ ಬರುವವನು ರಾಜ್‌ಕುಮಾರ್. ಮುಂದಿನದ್ದು ನಿಮಗೆ ಗೊತ್ತಾಗುತ್ತದೆ.

1969ರಲ್ಲಿ, ಆ ಹೊತ್ತಿನ ಕನ್ನಡದ ಅತಿ ದೊಡ್ಡ ನಟನ ಕೈಯಲ್ಲಿ ಈ ಪಾತ್ರ ಮಾಡಿಸಿದ್ದಾರೆ! ಮದುವೆಯಾದ ಹೆಣ್ಣಿನ ಮೇಲೆ ಮನಸ್ಸು ಹೋಗುವ ಗಂಡಸು. ಖಳನಲ್ಲ, ಹುಡುಗಾಟದವನಲ್ಲ, ಮರ್ಯಾದಸ್ಥ. ಅದೇ ಕಷ್ಟ. ನಮ್ಮ ಅಮ್ಮ ಇದನ್ನು ಟೆಂಟ್‌ನಲ್ಲಿ ನೋಡಿ ಬಂದು ಎಷ್ಟೋ ವರ್ಷ ಆದ ಮೇಲೂ "ರಾಜ್‌ಕುಮಾರ್ ಆ ಪಾರ್ಟು ಒಪ್ಪಬಾರದಿತ್ತು ಕಣೋ" ಅನ್ನುತ್ತಿದ್ದರು. ಸಿಟ್ಟಿನಲ್ಲಿ ಅಲ್ಲ, ಬೇಜಾರಿನಲ್ಲಿ. ಸ್ವಲ್ಪ ಹೊತ್ತು ಬಿಟ್ಟು "ಆದರೆ ಪಾಪ, ಆ ಹುಡುಗೀದೇನು ತಪ್ಪು?" ಅಂತಲೂ ಅನ್ನುತ್ತಿದ್ದರು. ಯಾವ ವಿಮರ್ಶಕರೂ ಆ ಚಿತ್ರದ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ.

ಕಲ್ಪನಾ ಅಂದ ಕೂಡಲೇ ನಮಗೆ ಶರಪಂಜರ. ಎರಡು ವರ್ಷ ಆದ ಮೇಲೆ ಬಂದದ್ದು. ಹುಚ್ಚಾಸ್ಪತ್ರೆಯಿಂದ ಮನೆಗೆ ಮರಳಿದ ಕಾವೇರಿ. ಪುಟ್ಟಣ್ಣ ಕಣಗಾಲ್ ಅವರ ಕ್ಯಾಮೆರಾ ಅವಳ ಮುಖಕ್ಕೇ ನುಗ್ಗುತ್ತದೆ. ಕಣ್ಣು ಅಗಲ, ದನಿ ತಾರಕಕ್ಕೆ. ನನಗೆ ಆ ಚಿತ್ರ ತುಂಬ ಇಷ್ಟ, ನಾಗರಹಾವಿಗಿಂತ ಒಂದು ಕೈ ಮೇಲು ಅಂತಲೇ ಇಡುತ್ತೇನೆ. ಜಗಳಕ್ಕೆ ಬರುವವರು ಆಮೇಲೆ ಕಾಫಿಗೆ ಸಿಗಿ. ಆದರೆ ಮಿನುಗುತಾರೆ ಅಂದರೆ ಅಷ್ಟೇ ಅಂತ ಆಗಿಹೋಯಿತು. ಮಿಮಿಕ್ರಿ ಮಾಡುವವರು ಮಾಡುವುದು ಆ ಕಲ್ಪನಾರನ್ನೇ. ಉಯ್ಯಾಲೆಯ ಕಲ್ಪನಾ ಬೇರೆ. ಇಲ್ಲಿ ದನಿ ಏರುವುದಿಲ್ಲ. ಗಂಡನಿಗೆ ಕಾಫಿ ತಂದಿಟ್ಟು ಸ್ವಲ್ಪ ನಿಲ್ಲುತ್ತಾಳೆ. ಅವನು ತಲೆ ಎತ್ತುವುದಿಲ್ಲ. ಹೋಗುತ್ತಾಳೆ. ಹೀಗೆ ಸಣ್ಣ ಸಣ್ಣದರಲ್ಲೇ ಒಂದು ಇಡೀ ದಾಂಪತ್ಯ ತಿಳಿದುಬಿಡುತ್ತದೆ. ಪುಟ್ಟಣ್ಣ ಅವರ ನಾಯಕಿಯರು ನಮ್ಮನ್ನು ಅಲ್ಲಾಡಿಸುತ್ತಾರೆ. ಲಕ್ಷ್ಮೀನಾರಾಯಣ್ ಅವರ ನಾಯಕಿ ನಮ್ಮನ್ನು ಸುಮ್ನೆ ಕೂರಿಸುತ್ತಾಳೆ. ಎರಡೂ ಬೇಕು ಅಲ್ವಾ?

ಅಶ್ವತ್ಥ್ ಅವರ ಬಗ್ಗೆಯೂ ಹೇಳದಿದ್ದರೆ ತಪ್ಪಾಗುತ್ತದೆ. ನಾಗರಹಾವಿನ ಚಾಮಯ್ಯ ಮೇಷ್ಟ್ರಾಗಿ ಎಲ್ಲರ ಗುರು ಆದವರು. ಇಲ್ಲಿಯೂ ಓದಿದ ಮನುಷ್ಯನೇ, ಸಭ್ಯನೇ. ಆದರೆ ಆ ಸಭ್ಯತೆಯೇ ಹೆಂಡತಿಗೆ ಗೋಡೆ. ಗಂಡನನ್ನು ಕೆಟ್ಟವನನ್ನಾಗಿ ಮಾಡಿದ್ದರೆ ಕತೆ ಸುಲಭ ಆಗುತ್ತಿತ್ತು. ಟಾಕೀಸಿನಲ್ಲಿ ಶಿಳ್ಳೆಯೂ ಬೀಳುತ್ತಿತ್ತು. ಯಾರನ್ನೂ ಕೆಟ್ಟವರನ್ನಾಗಿ ಮಾಡದೆ ಮೂರು ಜನರನ್ನು ಒಂದು ಮನೆಯಲ್ಲಿ ಸಿಕ್ಕಿಸಿಡುವುದು ಧೈರ್ಯದ ಕೆಲಸ. ಸತ್ಯಜಿತ್ ರಾಯ್ ಅವರ ಚಾರುಲತಾ 1964ರಲ್ಲಿ ಬಂದಿತ್ತು. ಅದೂ ಇಂಥದೇ ಮನೆ. ಚಾರುಲತಾ ಬಗ್ಗೆ ಪುಸ್ತಕಗಳಿವೆ. ಉಯ್ಯಾಲೆ ಚಾರುಲತಾ ಮಟ್ಟದ ಚಿತ್ರ ಅಂತ ನಾನು ವಾದ ಮಾಡುವುದಿಲ್ಲ. ಅಷ್ಟು ನಾಜೂಕು ಇದಕ್ಕಿಲ್ಲ. ಆದರೆ ಅದೇ ಬೀದಿಯ ಮನೆ ಇದು, ಅದೂ ನಮ್ಮ ಮೈಸೂರು ಸೀಮೆಯ ಬಾಗಿಲು ಕಿಟಕಿ ಇಟ್ಟುಕೊಂಡು.

ಯಾಕೆ ಇದು ಸಂದಿಗೆ ಬಿತ್ತು? ರಾಜ್ ಅಭಿಮಾನಿಗಳಿಗೆ ಇದರಲ್ಲಿ ತಮ್ಮ ಅಣ್ಣಾವ್ರು ಪೂರ್ತಿ ಸಿಗಲಿಲ್ಲ. ಇನ್ನು ಹೊಸ ಅಲೆ ಅಂತ ಮಾತಾಡುವವರು ಲೆಕ್ಕ ಶುರು ಮಾಡುವುದೇ 1970ರ ಸಂಸ್ಕಾರದಿಂದ. ಪಟ್ಟಾಭಿರಾಮ ರೆಡ್ಡಿ, ಗಿರೀಶ್ ಕಾರ್ನಾಡ್, ಲಂಕೇಶ್, ಆಸ್ಟ್ರೇಲಿಯಾದಿಂದ ಬಂದ ಕ್ಯಾಮೆರಾಮನ್ ಟಾಮ್ ಕೋವನ್, ಮೇಲೆ ಸೆನ್ಸಾರ್ ಗಲಾಟೆ. ಅದೊಂದು ದೊಡ್ಡ ಘಟನೆ, ಒಪ್ಪುತ್ತೇನೆ. ಆದರೆ ಬಾಗಿಲು ಒದ್ದು ತೆಗೆದವರ ಸದ್ದಿನಲ್ಲಿ, ಅದಕ್ಕೂ ಮೊದಲು ಮೆಲ್ಲಗೆ ಬಾಗಿಲು ಸರಿಸಿದವರು ಮರೆತುಹೋದರು. ಲಕ್ಷ್ಮೀನಾರಾಯಣ್ ಮಾತ್ರ ತಮ್ಮ ಪಾಡಿಗೆ ತಾವು ಕೆಲಸ ಮಾಡಿದರು. 1973ರಲ್ಲಿ ತೇಜಸ್ವಿ ಅವರ ಅಬಚೂರಿನ ಪೋಸ್ಟಾಫೀಸು ಕತೆ ತೆಗೆದುಕೊಂಡರು. ಪೋಸ್ಟಾಫೀಸಿನ ಕೆಲಸ ಕೈಗೆ ಬಂದ ಮೇಲೆ ಊರವರ ಕಾಗದ ಒಡೆದು ಓದುವ ಚಟ ಹತ್ತಿಸಿಕೊಳ್ಳುವ ಬೋಬಣ್ಣ. ತೇಜಸ್ವಿ ಓದಿದವರು ಚಿತ್ರ ನೋಡಿ "ಪುಸ್ತಕದ ಹಾಗಿಲ್ಲ" ಅನ್ನುತ್ತಾರೆ. ನಿಜ, ತೇಜಸ್ವಿಯವರ ಕೀಟಲೆ ಚಿತ್ರದಲ್ಲಿ ಕಮ್ಮಿ. ಅದಕ್ಕೆ ಬದಲಾಗಿ ಬೋಬಣ್ಣನ ಮೇಲೆ ಒಂದು ಕನಿಕರ ಇದೆ.

ಇನ್ನು ಶಂಕರ್‌ನಾಗ್. ಅವರನ್ನು ಮರೆತಿದ್ದೇವೆ ಅಂದರೆ ನೀವು ಹೊಡೆಯುತ್ತೀರಿ. ಬೆಂಗಳೂರಿನ ಆಟೋಗಳ ಹಿಂದೆ ಇವತ್ತಿಗೂ ಅವರ ಫೋಟೋ ಇದೆ. 1980ರ ಆಟೋರಾಜ ಅವರನ್ನು ಅಲ್ಲಿ ಕೂರಿಸಿತು. ಮಾಲ್ಗುಡಿ ಡೇಸ್ ಅಂದರೆ ಆಗುಂಬೆ, ಆಗುಂಬೆ ಅಂದರೆ ಶಂಕರ್. ಆದರೆ ಅವರು ಅದೇ 1980ರಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಮಿಂಚಿನ ಓಟ, 1985ರ ಆಕ್ಸಿಡೆಂಟ್, ಇವನ್ನು ಪೂರ್ತಿ ಕೂತು ನೋಡಿದವರು ಎಷ್ಟು ಜನ? ಮಿಂಚಿನ ಓಟ ಕಾರು ಕದಿಯುವ ಕಳ್ಳರ ಕತೆ. ಅಣ್ಣ ಅನಂತನಾಗ್, ತಮ್ಮ ಶಂಕರ್ ಇಬ್ಬರೂ ಇದ್ದಾರೆ, ಲೋಕೇಶ್ ಇದ್ದಾರೆ. ಮೊದಲ ಅರ್ಧ ಓಡುತ್ತದೆ, ಜೈಲಿಗೆ ಬಂದ ಮೇಲೆ ಚಿತ್ರವೇ ಬೇರೆ ಆಗುತ್ತದೆ.

ಆಕ್ಸಿಡೆಂಟ್ ಬಗ್ಗೆ ನನಗೆ ಬೇರೆಯೇ ಗೌರವ. ಒಂದೂ ಹಾಡಿಲ್ಲ. ಇಳಯರಾಜರಂಥ ಸಂಗೀತಗಾರರನ್ನು ಕರೆಸಿ ಬರೀ ಹಿನ್ನೆಲೆ ಸಂಗೀತ ಮಾಡಿಸಿದ್ದಾರೆ. ಆ ಕಾಲದಲ್ಲಿ ಕ್ಯಾಸೆಟ್ ಕಂಪನಿಯವರು ಏನಂದಿರಬೇಡ! ದೊಡ್ಡ ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹತ್ತಿಸುತ್ತಾನೆ. ಆ ಜನ ಕೂಲಿ ಹುಡುಕಿ ಊರು ಬಿಟ್ಟು ಬೆಂಗಳೂರಿಗೆ ಬಂದವರು. ಅಪ್ಪನಿಗೆ ಚುನಾವಣೆ ಎದುರಿಗಿದೆ. ಈ ಅಪ್ಪನ ಪಾತ್ರದಲ್ಲಿ ಅನಂತನಾಗ್. ಪ್ರೇಮಗೀತೆ ಹಾಡುವ ಅನಂತನಾಗ್ ಅಲ್ಲ. ನಯವಾಗಿ ಮಾತಾಡುತ್ತಲೇ ಒಂದೊಂದೇ ಬಾಗಿಲು ಮುಚ್ಚುವ ಮನುಷ್ಯ. ಬೆನ್ನು ಹತ್ತುವ ಪತ್ರಕರ್ತ ಶಂಕರ್‌ನಾಗ್. ನಿರ್ದೇಶಕನೂ ತಾನೇ, ನಟನೂ ತಾನೇ ಆಗಿದ್ದರೂ ತನ್ನ ಪಾತ್ರಕ್ಕೆ ಒಂದು ಹೊಡೆದಾಟ ಇಟ್ಟುಕೊಂಡು ಚಪ್ಪಾಳೆ ಗಿಟ್ಟಿಸುವ ಆಸೆ ಇಲ್ಲ. ಕೊನೆ ಏನಾಗುತ್ತದೆ ಅಂತ ಹೇಳುವುದಿಲ್ಲ.

ಈ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೂ ಪ್ರಶಸ್ತಿ ಕಪಾಟಿನವರು ಇದನ್ನು ತಮ್ಮದು ಅನ್ನಲಿಲ್ಲ. ವೇಗ ಜಾಸ್ತಿ, ಕಾರು ಜಾಸ್ತಿ, ಹಳ್ಳಿ ಇಲ್ಲ, ಅಗ್ರಹಾರ ಇಲ್ಲ. ನನಗನ್ನಿಸುವುದು, ನಮ್ಮ ಗಂಭೀರ ಸಿನಿಮಾಕ್ಕೆ ಊರು ಅಂದರೆ ಹಳ್ಳಿ ಅನ್ನುವ ಅಭ್ಯಾಸ ಬಿದ್ದುಬಿಟ್ಟಿತ್ತು. ಬೆಂಗಳೂರಿನ ಟಾರ್ ರಸ್ತೆಯ ಮೇಲೆ ನಡೆಯುವ ಅನ್ಯಾಯ ಅವರ ಕಣ್ಣಿಗೆ ಪತ್ರಿಕೆ ಸುದ್ದಿ, ಕಲೆ ಅಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರ ಹಾಕುತ್ತಿದ್ದರು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಊಟ ಮುಗಿಸಿ ಅರ್ಧ ನಿದ್ದೆಯಲ್ಲಿ ನಮ್ಮಲ್ಲಿ ಬಹಳ ಜನ ಅರವಿಂದನ್, ಅಡೂರ್, ಮೃಣಾಲ್ ಸೇನ್ ಇವರನ್ನು ನೋಡಿದ್ದು ಹಾಗೆ. ಪ್ರಶಸ್ತಿ ಚಿತ್ರಗಳಿಗೆ ಆ ಮಧ್ಯಾಹ್ನ ಇತ್ತು. ಸ್ಟಾರ್ ಚಿತ್ರಗಳಿಗೆ ಸಂಜೆ ಇತ್ತು, ಆಮೇಲೆ ಖಾಸಗಿ ಚಾನೆಲ್‌ಗಳು ಬಂದವು. ಹೆಗ್ಗೋಡಿನ ನೀನಾಸಂ, ಬೆಂಗಳೂರಿನ ಸುಚಿತ್ರಾ, ಇಂಥ ಕಡೆ ಕುರೊಸಾವಾ ಸಿಕ್ಕರು, ರಾಯ್ ಸಿಕ್ಕರು. ಆ ಉಪಕಾರ ಮರೆಯುವ ಹಾಗಿಲ್ಲ. ನಮ್ಮ ಮಧ್ಯಮ ದಾರಿಯ ಚಿತ್ರಗಳಿಗೆ ಮಾತ್ರ ಇಂಥ ಒಂದು ಜಾಗ ಆಗಲಿಲ್ಲ.

ಜಾಗ ಇಲ್ಲದ್ದಕ್ಕೆ ಏನಾಗುತ್ತದೆ ಅಂತ ಹೇಳುತ್ತೇನೆ. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನಾ. 1934. ವೈ.ವಿ. ರಾವ್ ನಿರ್ದೇಶನ, ಕೊಲ್ಲಾಪುರದಲ್ಲಿ ಚಿತ್ರೀಕರಣ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ನಾಗೇಂದ್ರರಾಯರು. ಇವತ್ತು ಅದರ ಪ್ರಿಂಟ್ ಇಲ್ಲ. ನಮ್ಮ ಸಿನಿಮಾದ ಮೊದಲ ಮಾತು ಹೇಗೆ ಕೇಳಿಸುತ್ತಿತ್ತು ಅಂತ ನಾವು ಕೇಳುವ ಹಾಗಿಲ್ಲ. ಆ ಕಾಲದ ಫಿಲ್ಮು ನೈಟ್ರೇಟ್. ಬೆಂಕಿ ತಾಗಿದರೆ ಮದ್ದಿನ ಹಾಗೆ ಉರಿಯುವಂಥದು. ಆಮೇಲೆ ಬಂದ ಅಸಿಟೇಟ್ ಫಿಲ್ಮ್ ಹಾಗೆ ಉರಿಯುವುದಿಲ್ಲ, ಆದರೆ ಸೆಕೆ ಮತ್ತು ತೇವದಲ್ಲಿ ಕೊಳೆಯುತ್ತದೆ. ಡಬ್ಬ ತೆಗೆದರೆ ವಿನೆಗರ್ ವಾಸನೆ ಹೊಡೆಯುತ್ತದೆ. ವಾಸನೆ ಬಂತು ಅಂದರೆ ಫಿಲ್ಮ್ ಸುರುಟಿಕೊಂಡು ಹೋಗಲು ಶುರುವಾಗಿದೆ ಅಂತ. ಇದರ ಮೇಲೆ ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಓಟ ಮುಗಿದ ಪ್ರಿಂಟನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕುವುದು ದೇಶದಲ್ಲೆಲ್ಲ ಇತ್ತು.

ನಮ್ಮ ಹಳೇ ಚಿತ್ರಗಳಿಗೆ ಇನ್ನೊಂದು ತೊಂದರೆ. ಅವು ಹೆಚ್ಚಾಗಿ ತಯಾರಾದದ್ದು ಮದರಾಸಿನಲ್ಲಿ. ಸ್ಟುಡಿಯೋ ಅಲ್ಲಿ, ಲ್ಯಾಬ್ ಅಲ್ಲಿ, ನೆಗೆಟಿವ್ ಅಲ್ಲೇ. ಉದ್ಯಮ ಬೆಂಗಳೂರಿಗೆ ಬಂತು, ನೆಗೆಟಿವ್‌ಗಳನ್ನು ಕೇಳುವವರು ಕಮ್ಮಿಯಾದರು. ಡಿಜಿಟಲ್ ಬಂದ ಮೇಲೆ ಫಿಲ್ಮ್ ಲ್ಯಾಬುಗಳೂ ಒಂದೊಂದಾಗಿ ಮುಚ್ಚಿದವು.

ಆಸೆ ಹುಟ್ಟಿಸುವ ಸಂಗತಿಯೂ ಇದೆ. ಗಿರೀಶ್ ಕಾಸರವಳ್ಳಿ ಅವರ ಘಟಶ್ರಾದ್ಧವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಮಾರ್ಟಿನ್ ಸ್ಕಾರ್ಸೇಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜೊತೆ ಸೇರಿ ಪುನರುಜ್ಜೀವನ ಮಾಡಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದರು. ಯಮುನಕ್ಕನ ಮುಖದ ಮೇಲೆ ಬೀಳುವ ಬೆಳಕು ಕ್ಯಾಮೆರಾಮನ್ ಎಸ್. ರಾಮಚಂದ್ರ ಹೇಗೆ ಹಿಡಿದಿದ್ದರೋ ಹಾಗೆ ಮತ್ತೆ ಕಾಣುತ್ತದೆ. ತುಂಬ ಒಳ್ಳೆ ಕೆಲಸ. ಆದರೆ ಗಮನಿಸಿ, ದೇಶದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡ ಘಟಶ್ರಾದ್ಧಕ್ಕೇ ಇಷ್ಟು ವರ್ಷ ಬೇಕಾಯಿತು. ಉಯ್ಯಾಲೆಯ ಸರದಿ ಯಾವಾಗ?

"ಎಲ್ಲಾ ಯೂಟ್ಯೂಬಲ್ಲಿದೆಯಲ್ಲ ಸಾರ್" ಅಂತ ಹುಡುಗರು ಹೇಳುತ್ತಾರೆ. ಹಳೇ ಚಿತ್ರಗಳು ಅಲ್ಲಿ ಹೇಗಿರುತ್ತವೆ ನೋಡಿ. ಮೂಲೆಯಲ್ಲಿ ಕಂಪನಿಯ ಗುರುತು. ಚೌಕದ ಚಿತ್ರವನ್ನು ಅಗಲದ ಟೀವಿಗೆ ಎಳೆದು ಹಾಕಿ ಎಲ್ಲರ ಮುಖವೂ ದಪ್ಪ. ಇಲ್ಲದಿದ್ದರೆ ಮೇಲೆ ಕೆಳಗೆ ಕತ್ತರಿಸಿ ಹಣೆ ಇಲ್ಲದ ನಾಯಕಿ. ದನಿಯಲ್ಲಿ ಗೊರಗೊರ. ಎಷ್ಟೋ ಸಲ ದೃಶ್ಯ ನಡುವೆ ಹಾರುತ್ತದೆ. ಹೀಗೆ ನೋಡಿ "ಹಳೇ ಸಿನಿಮಾ ಬೋರು" ಅಂದರೆ ಹುಡುಗರನ್ನು ಬೈಯುವುದಕ್ಕೆ ಆಗುತ್ತದೆಯೇ?

ಭಾಷಣ ಮುಗಿದ ಮೇಲೆ ಸಭಿಕರು ಕೆಲವು ಪ್ರಶ್ನೆ ಕೇಳಿದರು. ಮುಖ್ಯವಾದವನ್ನು ಇಲ್ಲಿ ಕೊಟ್ಟಿದ್ದೇನೆ.

ಕಾಲೇಜು ವಿದ್ಯಾರ್ಥಿನಿಯೊಬ್ಬರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರು. ಆಕ್ಸಿಡೆಂಟ್‌ನಿಂದ ಶುರು ಮಾಡಿ ಅಂದೆ. ನಿಮ್ಮ ವಯಸ್ಸಿನವರಿಗೆ ಅದರ ವೇಗ ಹೊಂದುತ್ತದೆ. ಆಮೇಲೆ ಅಪರಿಚಿತ, ರಾತ್ರಿ ಹೊತ್ತು. ಉಯ್ಯಾಲೆ ಕೊನೆಗೆ ಇಟ್ಟುಕೊಳ್ಳಿ. ಅದನ್ನು ಮೊಬೈಲಿನಲ್ಲಿ ನೋಡಬೇಡಿ. ಟೀವಿಯ ಸೆಟ್ಟಿಂಗಿನಲ್ಲಿ ನಾಲ್ಕು ಮೂರರ ಅಳತೆಗೆ ತಂದುಕೊಳ್ಳಿ, ಮುಖ ಸರಿಯಾಗುತ್ತದೆ. ಸಾಧ್ಯವಾದರೆ ಅಜ್ಜಿಯನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿತ್ರ ಮುಗಿದ ಮೇಲೆ ಅವರು ಏನನ್ನುತ್ತಾರೆ ಅನ್ನುವುದೂ ಚಿತ್ರದಷ್ಟೇ ಚೆನ್ನಾಗಿರುತ್ತದೆ.

ಇನ್ನೊಬ್ಬರು, ರಾಜ್‌ಕುಮಾರ್ ಅವರ ಚಿತ್ರ ಅಂದ ಮೇಲೆ ಅದನ್ನು ಯಾರೂ ಗಮನಿಸಿಲ್ಲ ಅನ್ನುವುದು ಸರಿಯೇ ಅಂತ ಆಕ್ಷೇಪ ಎತ್ತಿದರು. ಇನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದವರು ಅವರು. ಏಪ್ರಿಲ್ 24ರ ಹುಟ್ಟುಹಬ್ಬದ ದಿನ ಟೀವಿಗಳು ಯಾವ ಚಿತ್ರ ಹಾಕುತ್ತವೆ ಅಂತ ನೋಡಿ. ಅದೇ ಹತ್ತು ಹನ್ನೆರಡು. ಸ್ಟಾರ್ ದೊಡ್ಡವನಾದಷ್ಟೂ ಅವನ ಸಣ್ಣ ಚಿತ್ರಗಳು ಅವನ ಹಿಂದೆ ಅಡಗುತ್ತವೆ ಅಂದೆ. ಅವರು ಪೂರ್ತಿ ಒಪ್ಪಲಿಲ್ಲ.

ಕೊನೆಗೆ ಹಿರಿಯರೊಬ್ಬರು, ಕಸ್ತೂರಿ ನಿವಾಸಕ್ಕೆ ಬಣ್ಣ ಹಾಕಿ 2014ರಲ್ಲಿ ಬಿಡುಗಡೆ ಮಾಡಿದಾಗ ಜನ ಮುಗಿಬಿದ್ದು ನೋಡಿದರಲ್ಲ, ಉಯ್ಯಾಲೆಗೂ ಹಾಗೆ ಮಾಡಬಹುದಲ್ಲ ಅಂದರು. ನಾನೂ ಆ ಬಣ್ಣದ ಕಸ್ತೂರಿ ನಿವಾಸ ನೋಡಿದ್ದೇನೆ. ತುಂಬಿದ ಟಾಕೀಸಿನಲ್ಲಿ ಕೂತದ್ದು ಖುಷಿಯೇ. ಆದರೆ ಬಣ್ಣ ಬೇಡ ಅಂದೆ. ಲಕ್ಷ್ಮೀನಾರಾಯಣ್ ಆ ಮನೆಯ ಮೂಲೆಗಳಲ್ಲಿ ಬೇಕಂತಲೇ ಕತ್ತಲೆ ಬಿಟ್ಟಿದ್ದಾರೆ. ಬಣ್ಣ ಹಾಕುವವರು ಮೊದಲು ಕೈ ಇಡುವುದೇ ಆ ಕತ್ತಲೆಗೆ. ಆ ದುಡ್ಡಿನಲ್ಲಿ ಪೂರ್ತಿ ಉದ್ದದ, ಶುಭ್ರವಾದ, ಕಪ್ಪು ಬಿಳುಪಿನ ಒಂದು ಪ್ರತಿ ಮಾಡಿಸಿ ಜಿಲ್ಲೆಗೊಂದು ಕಡೆ ಒಂದು ವಾರ ಮಾರ್ನಿಂಗ್ ಶೋ ಹಾಕಲಿ. ಟಿಕೆಟ್ಟಿಗೆ ನಾನೇ ಮೊದಲು ನಿಲ್ಲುತ್ತೇನೆ ಅಂದೆ.